ನಾಯಿ-ಬೆಕ್ಕುಗಳನ್ನು ಹೆದರಿಸದೆ ತಪಾಸಣೆ ಮಾಡಿಸೋಣ

ಹಾಲು ಕೊಡುವ ದನ ಒಂದು ಹೊತ್ತು ಹುಲ್ಲು ಬಿಟ್ಟರೆ ಸಾಕು, ನಮ್ಮ ಕೃಷಿಕ ಬಂಧುಗಳು ಮೃಗಾಸ್ಪತ್ರೆಗೆ ಓಡುತ್ತಾರೆ. ಆದರೆ ತೋಟ ಕಾಯುವ ನಾಯಿಯನ್ನೋ ಅಟ್ಟದ ಇಲಿ ಹಿಡಿಯುವ ಬೆಕ್ಕನ್ನೋ ಡಾಕ್ಟರರಿಗೆ ತೋರಿಸುವವರು ಕಡಿಮೆ. ಕೇಳಿದರೆ, "ಅದು ಹಿಡಿಯಲಿಕ್ಕೆ ಸಿಗುವುದಿಲ್ಲ ಫಾದರ್, ಒಮ್ಮೆ ಕೊಂಡುಹೋದ ಮೇಲೆ ಸಂಕಲೆ ಕಂಡರೇ ಓಡುತ್ತದೆ" ಎನ್ನುತ್ತಾರೆ. ತೊಂದರೆಯ ಮೂಲ ಈ ಉತ್ತರದಲ್ಲೇ ಇದೆ. ಮೊದಲ ಸಲ ಹೆದರಿದ ಪ್ರಾಣಿ ಎರಡನೆಯ ಸಲ ಬರಲೊಪ್ಪದು. ಹಾಗೆ ಚುಚ್ಚುಮದ್ದು ತಪ್ಪುತ್ತದೆ. ಅದರ ಅಪಾಯ ಮನೆಯ ಮಕ್ಕಳಿಗೆ.

ಹುಚ್ಚುನಾಯಿ ರೋಗ, ಅಂದರೆ ರೇಬೀಸ್, ಲಕ್ಷಣ ತೋರಿದ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು. 2025ರಲ್ಲಿ ಕೇರಳದಲ್ಲಿ, ನಾಯಿ ಕಚ್ಚಿದ ನಂತರ ಲಸಿಕೆ ಹಾಕಿಸಿಕೊಂಡ ಮಕ್ಕಳೂ ಈ ರೋಗದಿಂದ ತೀರಿಹೋದ ಘಟನೆಗಳು ನಡೆದವು. ತಲೆ, ಮುಖಗಳ ಗಾಯದಿಂದ ರೋಗಾಣು ಮೆದುಳಿಗೆ ಬೇಗನೆ ತಲಪುತ್ತದೆ. ಹಾಗೆಂದು ಕಚ್ಚಿದ ಮೇಲಿನ ಲಸಿಕೆ ವ್ಯರ್ಥವಲ್ಲ, ಅದನ್ನು ಬಿಡಲೇಬಾರದು. ಆದರೆ ನಾಯಿಗೇ ಮುಂಚಿತವಾಗಿ ಲಸಿಕೆ ಹಾಕಿಸುವುದು ಮೊದಲ ಬೇಲಿ. ಬೆಕ್ಕಿನಿಂದಲೂ ರೇಬೀಸ್ ಹರಡುತ್ತದೆ ಎಂಬುದನ್ನು ಮರೆಯಬಾರದು.

ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ, ಆಮೇಲೆ ಡಾಕ್ಟರರು ಹೇಳಿದಂತೆ ಮರುಲಸಿಕೆ, ಅನಂತರ ವರ್ಷಕ್ಕೊಮ್ಮೆ. ನಾಯಿಮರಿಗಳನ್ನು ರಕ್ತಭೇದಿಯಿಂದ ಕೊಲ್ಲುವ ಪಾರ್ವೋ ರೋಗಕ್ಕೂ, ನಾಯಿಯ ಮೂತ್ರದಿಂದ ಮನುಷ್ಯರಿಗೂ ಹರಡಬಲ್ಲ ಇಲಿಜ್ವರಕ್ಕೂ ಲಸಿಕೆ ಇದೆ. ಹುಳದ ಮದ್ದು ಎಳೆಯ ಮರಿಯಿಂದಲೇ ಆರಂಭವಾಗಬೇಕು. ನಾಯಿಯ ಹೊಟ್ಟೆಯ ದುಂಡುಹುಳದ ಮೊಟ್ಟೆಗಳು ಅಂಗಳದ ಮಣ್ಣಿನಿಂದ ಮಕ್ಕಳ ಬಾಯಿಗೆ ಹೋಗುತ್ತವೆ.

ಇನ್ನು ಹೆದರಿಸದೆ ಕೊಂಡುಹೋಗುವ ಕ್ರಮ:

1. ಮನೆಯಲ್ಲಿಯೇ ಅಭ್ಯಾಸ ಮಾಡಿಸಿರಿ. ದಿನಕ್ಕೆ ಎರಡು ನಿಮಿಷ ಕಿವಿ, ಬಾಯಿ, ಪಾದ ಮುಟ್ಟಿ ನೋಡಿ, ಕೂಡಲೇ ಒಂದು ತುಂಡು ಒಣಮೀನು ಕೊಡಿರಿ. ಉಣ್ಣಿ, ಗಾಯಗಳೂ ಆಗಲೇ ಕಣ್ಣಿಗೆ ಬೀಳುತ್ತವೆ.

2. ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಬೇಡಿರಿ. ಗಾಳಿಯಾಡುವ, ಮುಚ್ಚಳವಿರುವ ಗಟ್ಟಿ ಬುಟ್ಟಿಯನ್ನು ಒಂದು ವಾರ ಮುಂಚೆಯೇ ಅದು ಮಲಗುವಲ್ಲಿ ಇಟ್ಟು, ಒಳಗೆ ಅದರದ್ದೇ ಹಳೆಯ ಬಟ್ಟೆ ಹಾಸಿರಿ. ತಾನಾಗಿ ಒಳಗೆ ಹೋಗಿ ಮಲಗಲಿ. ದಾರಿಯಲ್ಲಿ ಬುಟ್ಟಿಯ ಮೇಲೆ ತೆಳು ಬಟ್ಟೆ ಹೊದಿಸಿರಿ.

3. ನಾಯಿಯನ್ನು ಸಂಕಲೆಯಲ್ಲಿ ಎಳೆಯಬೇಡಿರಿ. ವರ್ಷದ ಉಳಿದ ದಿನಗಳಲ್ಲಿಯೂ ಹಗ್ಗ ಹಾಕಿ ತಿರುಗಾಡಿಸಿದರೆ ಹಗ್ಗ ಕಂಡಾಗ ಆಸ್ಪತ್ರೆಯ ನೆನಪಾಗದು.

4. ಆಸ್ಪತ್ರೆಯಲ್ಲಿ ಬೇರೆ ಪ್ರಾಣಿಗಳಿಂದ ದೂರ, ನೆರಳಿನಲ್ಲಿ ಕಾಯಿರಿ. ಬೆಕ್ಕಿನ ಬುಟ್ಟಿಯನ್ನು ನೆಲದಲ್ಲಿಡದೆ ಬೆಂಚಿನ ಮೇಲಿಡಿರಿ. ಕಚ್ಚುವ ಸ್ವಭಾವವಿದ್ದರೆ ಡಾಕ್ಟರರಿಗೆ ಮೊದಲೇ ತಿಳಿಸಿರಿ.

5. ನಾಲ್ಕು ಜನ ಸೇರಿ ಅದುಮಿ ಹಿಡಿಯುವುದು, ಬೈಯುವುದು, ಹೊಡೆಯುವುದು ಬೇಡ. ಬಾಲ ಮಡಚುವುದು, ತುಟಿ ನೆಕ್ಕುವುದು, ಕಿವಿ ಹಿಂದಕ್ಕೆ ಒತ್ತುವುದು ಹೆದರಿಕೆಯ ಗುರುತುಗಳು. ಆಗ ಸ್ವಲ್ಪ ಬಿಡುವು ಕೊಡಿರಿ. ಬೆಕ್ಕನ್ನು ಟವೆಲಿನಲ್ಲಿ ಮೆಲ್ಲಗೆ ಸುತ್ತಿ ಹಿಡಿದರೆ ಸಾಕು.

ಈ ಕ್ರಮ ಹೊಸ ಸೋಗು ಅಲ್ಲ. ಅಮೆರಿಕದ ಪಶುವೈದ್ಯೆ ಸೋಫಿಯಾ ಯಿನ್ 2009ರಲ್ಲಿ ಇದರ ಬಗ್ಗೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಹೆದರಿದ ಪ್ರಾಣಿಯ ಎದೆಬಡಿತ, ಮೈಬಿಸಿ ಏರುವುದರಿಂದ ರೋಗ ಗುರುತಿಸುವುದೂ ಕಷ್ಟವಾಗುತ್ತದೆ. ಪ್ರಾಣಿ ಶಾಂತವಾಗಿದ್ದರೆ ಡಾಕ್ಟರರ ಕೈಯೂ ಸುರಕ್ಷಿತ.

ಒಂದು ಎಚ್ಚರಿಕೆ. ಮನೆಯಲ್ಲಿರುವ ಮಾತ್ರೆಯನ್ನು ಅಂದಾಜಿನಲ್ಲಿ ಕೊಡಬೇಡಿರಿ. ನಮ್ಮ ಜ್ವರಕ್ಕೆ ಆಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ನಾಯಿಯ ಉಣ್ಣಿಗೆ ಹಾಕುವ ಪರ್ಮೆತ್ರಿನ್ ಇರುವ ಮದ್ದೂ ಬೆಕ್ಕಿನ ಜೀವ ತೆಗೆಯಬಹುದು.

ನಾಯಿ, ಬೆಕ್ಕು ಯಾವುದೇ ಕಚ್ಚಲಿ, ಪರಚಲಿ, ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿರಿ. ಅರಸಿನ, ಸುಣ್ಣ, ಮೆಣಸಿನ ಹುಡಿ ಹಚ್ಚಬೇಡಿರಿ. ಲಸಿಕೆಯ ಕಾರ್ಡನ್ನು ರೇಶನ್ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿರಿ, ಮುಂದಿನ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿರಿ. ಬುಟ್ಟಿಯನ್ನು ಮಾತ್ರ ಇವತ್ತೇ ಅಟ್ಟದಿಂದ ಇಳಿಸಿರಿ.