ಇಬ್ಬರ ಮಧುಚಂದ್ರಕ್ಕೆ ಏಳು ಸಾವಿರ ಜನ

ಮದುವೆ ಮನೆಯ ಗದ್ದಲ ಸಾಕಪ್ಪಾ ಸಾಕು, ಇಬ್ಬರೇ ಎಲ್ಲಾದರೂ ಹೋಗಿಬರೋಣ ಎಂದು ಕ್ರೂಸ್ ಹಡಗಿನ ಟಿಕೆಟ್ ತೆಗೆಯಲು ಹೊರಟ ಹೊಸ ಜೋಡಿಗೆ ಮೊದಲು ತಿಳಿಸಬೇಕಾದ ಅಂಕಿ: ಸುಮಾರು 1,800. ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆ ಹೊರಡುವ ಕಾರ್ಡೇಲಿಯಾ ಕಂಪನಿಯ 'ಎಂಪ್ರೆಸ್' ಹಡಗು ಭರ್ತಿಯಾದರೆ ಅದರಲ್ಲಿರುವ ಪ್ರಯಾಣಿಕರು ಅಷ್ಟು. ನಿಮ್ಮ ಮದುವೆ ಊಟದ ಪಂಕ್ತಿಗಳನ್ನು ಒಂದೊಂದಾಗಿ ಎಣಿಸಿ ನೋಡಿ. ಮದುವೆಗೆ ಬಂದವರಿಗಿಂತ ಮಧುಚಂದ್ರಕ್ಕೆ ಬರುವವರೇ ಹೆಚ್ಚು! ಇವರಲ್ಲಿ ಯಾರೂ ನಿಮ್ಮ ಸೋದರಮಾವನಲ್ಲ, ಯಾರಿಗೂ ತಾಂಬೂಲದ ಚೀಲ ಕೊಡಬೇಕಾಗಿಲ್ಲ ಎಂಬುದಷ್ಟೇ ಸಮಾಧಾನ.

ಇನ್ನೂ ತಮಾಷೆಯೆಂದರೆ, ಕ್ರೂಸ್ ಬಲ್ಲವರ ಲೆಕ್ಕದಲ್ಲಿ ಎಂಪ್ರೆಸ್ ಒಂದು ಚಿಕ್ಕ ಹಡಗು. 1990ರಲ್ಲಿ ಕಟ್ಟಿದ್ದು, ಹಳತೂ ಹೌದು. ಈ 'ಚಿಕ್ಕ' ಹಡಗಿನ ಗ್ರಾಸ್ ಟನ್ನೇಜ್ 48,563. ಟೈಟಾನಿಕ್ಕಿನದು 46,328. 1912ರಲ್ಲಿ ನೀರಿನ ಮೇಲಿದ್ದ ಅತಿ ದೊಡ್ಡ ಹಡಗನ್ನೂ ಮೀರಿಸಿದ ಹಡಗನ್ನು ಇವತ್ತು ಪುಟಾಣಿ ಎನ್ನುತ್ತಾರೆ! ಉದ್ದದಲ್ಲಿ ಎಂಪ್ರೆಸ್ ಸೋಲುತ್ತದೆ ನಿಜ. ಅದು 211 ಮೀಟರ್, ಟೈಟಾನಿಕ್ 269. ಆದರೆ ಗ್ರಾಸ್ ಟನ್ನೇಜ್ ಎಂಬುದು ಉದ್ದವೂ ಅಲ್ಲ, ಹೆಸರು ಕೇಳಿದರೆ ಅನ್ನಿಸುವಂತೆ ತೂಕವೂ ಅಲ್ಲ. ಹಡಗಿನ ಒಡಲಲ್ಲಿ ಎಷ್ಟು ಜಾಗವಿದೆ ಎಂಬುದರ ಅಳತೆ.

ಆ ಜಾಗದಲ್ಲಿ ನಿಮ್ಮ ಪಾಲೆಷ್ಟು? ಹಡಗು ಯಾವುದೇ ಇರಲಿ, ಕಿಟಕಿಯಿಲ್ಲದ ಒಳಕೋಣೆಗಳು ಸಾಮಾನ್ಯವಾಗಿ 150ರಿಂದ 180 ಚದರಡಿ. ಬೆಂಗಳೂರಿನ ಒಂದು ಮೂವತ್ತು-ನಲವತ್ತರ ಸೈಟಿನಲ್ಲಿ 150 ಚದರಡಿಯವು ಎಂಟು ಕೂರುತ್ತವೆ. ಹಾಸಿಗೆ, ಬಚ್ಚಲು, ಬೀರು, ಕನ್ನಡಿ ಎಲ್ಲ ಅದರಲ್ಲೇ. ದೀಪ ಆರಿಸಿದರೆ ಬೆಳಗೋ ರಾತ್ರಿಯೋ ಗೊತ್ತಾಗುವುದಿಲ್ಲ. ಬೇರೆ ಪ್ರವಾಸಗಳಲ್ಲಿ 'ಕೋಣೆ ಮಲಗುವುದಕ್ಕೆ ತಾನೆ' ಎಂದು ಕಾಸು ಉಳಿಸಿದ್ದು ಸರಿ. ಮಧುಚಂದ್ರಕ್ಕೆ ಮಾತ್ರ ಆ ಜಾಣತನ ಬೇಡ ಎನ್ನುತ್ತೇನೆ. ದಿನಕ್ಕೊಂದು ಪಾರ್ಟಿ, ಒಂದು ಸ್ಪಾ ಬಿಟ್ಟರೂ ಚಿಂತೆಯಿಲ್ಲ, ಬಾಲ್ಕನಿಯ ಕೋಣೆ ಹಿಡಿಯಿರಿ. 1,800 ಜನರ ನಡುವೆ ನಿಮ್ಮಿಬ್ಬರಿಗೇ ಸೇರಿದ ಸಮುದ್ರ ಸಿಗುವುದು ಅಲ್ಲೊಂದರಲ್ಲೇ. ಬುಕ್ ಮಾಡುವಾಗಲೇ ಎರಡು ಒಂಟಿ ಮಂಚಗಳನ್ನು ಕೂಡಿಸಿ ಒಂದು ಮಾಡಿಕೊಡಿ ಎಂದು ಹೇಳಿಬಿಡಿ. ಎಷ್ಟೋ ಹಡಗುಗಳಲ್ಲಿ ಅವು ಬೇರೆ ಬೇರೆಯಾಗಿಯೇ ಇರುತ್ತವೆ, ಮಧುಚಂದ್ರದ ಮೊದಲ ರಾತ್ರಿ ಮಂಚ ಎಳೆಯುತ್ತ ಕೂರಬೇಕಾಗುತ್ತದೆ.

ಈಗ ಒಂದು ಹೆಜ್ಜೆ ದೊಡ್ಡದು. ನಮ್ಮ ಕಡೆಯ ನವದಂಪತಿಗಳು ಹೆಚ್ಚಾಗಿ ಆರಿಸುವ ಸಿಂಗಪುರದಲ್ಲಿ 'ಗೆಂಟಿಂಗ್ ಡ್ರೀಮ್' ನಿಂತಿದೆ. 335 ಮೀಟರ್ ಉದ್ದ, 18 ಡೆಕ್ಕು, 1,50,695 ಗ್ರಾಸ್ ಟನ್. ಮೂರು ಟೈಟಾನಿಕ್ ನುಂಗಿ, ನಾಲ್ಕನೆಯದರ ಕಾಲು ಭಾಗಕ್ಕೆ ಬಾಯಿ ಹಾಕಿದಷ್ಟು! ಕೋಣೆಗೆ ಇಬ್ಬರಂತೆ ಲೆಕ್ಕ ಹಿಡಿದರೆ 3,352 ಪ್ರಯಾಣಿಕರು. ಅವರ ಸೇವೆಗೆ ಸುಮಾರು 2,000 ಸಿಬ್ಬಂದಿ. ಐದು ಜೋಡಿ, ಅಂದರೆ ಹತ್ತು ಜನರಿಗೆ ಆರು ಮಂದಿ ಕೆಲಸದವರು! ಇಲ್ಲಿಂದ ಪೆನಾಂಗ್, ಫುಕೆಟ್ ಕಡೆಗೆ ಎರಡು ರಾತ್ರಿ, ಮೂರು ರಾತ್ರಿಯ ಪ್ರವಾಸಗಳು ಸಿಗುತ್ತವೆ. ಮೊದಲ ಸಲದವರಿಗೆ ಮೂರು ರಾತ್ರಿ ಹದವಾದ ಅಳತೆ. ನೀರು ಒಗ್ಗದಿದ್ದರೂ ಮೂರೇ ದಿನ, ಒಗ್ಗಿದರೆ ಮುಂದಿನ ವಾರ್ಷಿಕೋತ್ಸವಕ್ಕೆ ಏಳು ದಿನ.

ಸಮುದ್ರದ ತಲೆಸುತ್ತಿನ ಭಯವಿದ್ದವರು ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್ಕಿನಲ್ಲಿ ಕೋಣೆ ಕೇಳಬೇಕು. ತೂಗಾಟ ಅಲ್ಲಿ ಎಲ್ಲಕ್ಕಿಂತ ಕಡಿಮೆ. ಈಜುಕೊಳದ ಡೆಕ್ಕಿನ ಕೆಳಗೇ ಇರುವ ಕೋಣೆ ಬೇಡ. ಬೆಳಗಿನ ಜಾವ ತಲೆಯ ಮೇಲೆ ಕುರ್ಚಿ ಎಳೆಯುವ ಸದ್ದು. ಹಡಗಿನ ಮೂತಿಯ ಕೋಣೆಯನ್ನಂತೂ ಲೆಕ್ಕ ಹಾಕಿ ತೆಗೆದುಕೊಳ್ಳಿ. ಊಟದ ಹಾಲ್ ಬಾಲದ ಕಡೆ ಇದ್ದರೆ ಒಂದು ಸಲಕ್ಕೆ 300 ಮೀಟರ್ ನಡಿಗೆ. ಮೂರು ಹೊತ್ತಿಗೆ ಹೋಗಿಬರಲು ದಿನಕ್ಕೆ 1,800 ಮೀಟರ್. ಏಳು ದಿನಕ್ಕೆ ಹನ್ನೆರಡೂವರೆ ಕಿಲೋಮೀಟರ್, ಬರೀ ಊಟಕ್ಕೆ!

ಆದರೂ ಗೆಂಟಿಂಗ್ ಡ್ರೀಮ್ ಮಧ್ಯಮ ವರ್ಗದ್ದು. ನಿಜವಾದ ಹುಚ್ಚು ಇರುವುದು ಅಮೆರಿಕದ ಮಯಾಮಿಯಲ್ಲಿ. ಫಿನ್ಲೆಂಡಿನ ತುರ್ಕು ನಗರದಲ್ಲಿ ಕಟ್ಟಿದ, 2024ರ ಜನವರಿಯಲ್ಲಿ ಮೊದಲ ಯಾನಕ್ಕೆ ಹೊರಟ 'ಐಕಾನ್ ಆಫ್ ದಿ ಸೀಸ್' 2,48,663 ಗ್ರಾಸ್ ಟನ್ನಿನದು. ಟೈಟಾನಿಕ್ ಐದನ್ನು ಅದರೊಳಗೆ ಸುರಿದರೂ ಇನ್ನೂ 17,000 ಟನ್ ಖಾಲಿ! ಕ್ರೂಸಿಗೆಂದೇ ಕಟ್ಟಿದ ಮೊದಲ ಹಡಗು ಜರ್ಮನಿಯ 'ಪ್ರಿನ್ಸೆಸಿನ್ ವಿಕ್ಟೋರಿಯಾ ಲೂಯಿಸ್'. 1900ರಲ್ಲಿ ನೀರಿಗಿಳಿದ, ಸಿರಿವಂತರು ಬಾಯ್ತೆರೆದು ನೋಡಿದ ಆ ಹಡಗು 4,409 ಟನ್ನಿನದು. ಅಂಥವು 56 ಸೇರಿದರೆ ಒಂದು ಐಕಾನ್.

ಐಕಾನ್ ಉದ್ದ 365 ಮೀಟರ್. ಐದು ಕುತುಬ್ ಮಿನಾರುಗಳನ್ನು ಸಾಲಾಗಿ ಮಲಗಿಸಿದಷ್ಟು. ಡೆಕ್ಕು 20, ಈಜುಕೊಳ 7, ನೀರಿನ ಜಾರುಬಂಡಿ 6. ಟನ್ನೇಜಿನಿಂದ ಹಿಂದಕ್ಕೆ ಲೆಕ್ಕ ಕಟ್ಟಿದರೆ ಒಳಗಿನ ಜಾಗ ಸುಮಾರು 7.8 ಲಕ್ಷ ಘನ ಮೀಟರ್, ಅಂದರೆ 78 ಕೋಟಿ ಲೀಟರ್ ಹಿಡಿಸುವಷ್ಟು. 2024ರಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತದ ಯೋಜನೆ ಬೆಂಗಳೂರಿಗೆ ದಿನಕ್ಕೆ ತರಬಲ್ಲ ನೀರು 77.5 ಕೋಟಿ ಲೀಟರ್. ಅಷ್ಟನ್ನೂ ಈ ಒಂದು ಹಡಗಿನೊಳಗೆ ತುಂಬಿಡಬಹುದು, ಮೇಲೆ 50 ಲಕ್ಷ ಲೀಟರಿಗೆ ಜಾಗ ಉಳಿಯುತ್ತದೆ! (ತುಂಬಿದರೆ ಹಡಗು ಏನಾಗುತ್ತದೆ ಎಂದು ಕೇಳಬೇಡಿ.)

ಇದನ್ನು ನಡೆಸುವ ಆರು ಎಂಜಿನ್ನುಗಳ ಒಟ್ಟು ಬಲ 67.5 ಮೆಗಾವಾಟ್. ಶಿವನಸಮುದ್ರದ ವಿದ್ಯುದಾಗಾರ ನೆನಪಿಸಿಕೊಳ್ಳಿ. 1902ರಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ, ನಾಡೇ ಹೆಮ್ಮೆಪಡುವ ಆ ಸ್ಥಾವರದ ಸಾಮರ್ಥ್ಯ 42 ಮೆಗಾವಾಟ್. ಕಾವೇರಿ ಜಲಪಾತವನ್ನೇ ಹಿಡಿದು ತಿರುಗಿಸುವ ಯಂತ್ರಗಳಿಗಿಂತ ಒಂದೂವರೆ ಪಟ್ಟು ಹೆಚ್ಚು ಶಕ್ತಿ, ರಜೆಗೆ ಹೊರಟವರ ಹಡಗಿನ ಹೊಟ್ಟೆಯಲ್ಲಿ!

ಇಷ್ಟೆಲ್ಲ ಬಲವಿದ್ದೂ ವೇಗ 22 ನಾಟ್, ಅಂದರೆ ಗಂಟೆಗೆ 41 ಕಿಲೋಮೀಟರಿಗೂ ತುಸು ಕಡಿಮೆ. 1912ರ ಟೈಟಾನಿಕ್ ಇದಕ್ಕಿಂತ ಚುರುಕಾಗಿತ್ತು! 1952ರಲ್ಲಿ 'ಯುನೈಟೆಡ್ ಸ್ಟೇಟ್ಸ್' ಹಡಗು 35 ನಾಟ್ ಮೀರಿದ ಸರಾಸರಿಯಲ್ಲಿ ಅಟ್ಲಾಂಟಿಕ್ ಸಾಗರವನ್ನು ಮೂರೂವರೆ ದಿನದೊಳಗೆ ದಾಟಿತ್ತು. ಈಗ ಯಾರಿಗೂ ಅವಸರವಿಲ್ಲ, ಮಧುಚಂದ್ರಕ್ಕೆ ಅವಸರ ಯಾಕೆ ಬೇಕು? ಹಾಗೆಂದು 22 ನಾಟ್ ಹಗುರಲ್ಲ. ಎಲ್ಲೂ ನಿಲ್ಲದೆ, ನೆಲ ಅಡ್ಡಬಾರದೆ ಸಾಗಿದರೆ ಭೂಮಿಗೆ ಒಂದು ಸುತ್ತು ಹಾಕಲು 41 ದಿನ ಸಾಕು. ಬೆಂಗಳೂರಿನ ಜೋಡಿಯೊಂದು ಅಮೆರಿಕದ ವೀಸಾ ಸಂದರ್ಶನಕ್ಕೆ ಕಾಯುವ ಹೊತ್ತಿಗೆ ಈ ಹಡಗು ಭೂಮಿಯನ್ನು ಒಂದಲ್ಲ, ಹಲವು ಸಲ ಸುತ್ತಿ ಬಂದರೆ ಆಶ್ಚರ್ಯವಿಲ್ಲ! ಹಾಗಾಗಿ ಮಯಾಮಿಯ ಕನಸಿರುವವರು ಛತ್ರ ಹುಡುಕುವ ಮೊದಲು ವೀಸಾದ ದಿನ ಹುಡುಕಲಿ. ಮದುವೆಯಾದ ಮೇಲೆ ಹೆಸರು ಬದಲಿಸುವ ಯೋಚನೆ ಇದ್ದರೆ ಪ್ರವಾಸ ಮುಗಿಯುವ ತನಕ ತಡೆಯಿರಿ. ಟಿಕೆಟಿನ ಹೆಸರೂ ಪಾಸ್‌ಪೋರ್ಟಿನ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು.

ಐಕಾನ್‌ನಲ್ಲಿ 2,805 ಕೋಣೆಗಳು. ಇಬ್ಬಿಬ್ಬರಂತೆ 5,610 ಜನ. ಮಕ್ಕಳುಮರಿ ಸೇರಿ ಹಾಸಿಗೆ ಹಾಸಿಗೆಯೂ ತುಂಬಿದರೆ 7,600. ಸಿಬ್ಬಂದಿ 2,350. ಎಲ್ಲ ಸೇರಿ ಹತ್ತು ಸಾವಿರಕ್ಕೆ ಐವತ್ತೇ ಕಡಿಮೆ! ಶಾಲೆಗಳಿಗೆ ರಜೆ ಇರುವ ವಾರಗಳಲ್ಲಿ ಈ ಸಂಖ್ಯೆ ಮೇಲೇರುತ್ತದೆ, ಜಾರುಬಂಡಿಯ ಮುಂದೆ ಪುಟಾಣಿಗಳ ಜಾತ್ರೆ ನೆರೆಯುತ್ತದೆ. ನವದಂಪತಿಗಳು ರಜೆಯ ತಿಂಗಳು ತಪ್ಪಿಸಿ ಹೊರಟರೆ ಅದೇ ಹಡಗು ಎರಡು ಸಾವಿರ ಜನರಷ್ಟು ಹಗುರ.

ಇಷ್ಟು ಜನರಿಗೆ ಅಡುಗೆ? ಇದೇ ಕಂಪನಿಯ, ಇದಕ್ಕಿಂತ ಕೊಂಚ ಚಿಕ್ಕದಾದ 'ಸಿಂಫನಿ ಆಫ್ ದಿ ಸೀಸ್' ಒಂದು ವಾರಕ್ಕೆ ಒಡೆಯುವ ಮೊಟ್ಟೆ 60,000. ಒಂದರ ಮೇಲೊಂದು ನಿಲ್ಲಿಸಲು ಸಾಧ್ಯವಿದ್ದಿದ್ದರೆ ಆ ಗೋಪುರ ಮುಳ್ಳಯ್ಯನಗಿರಿಯಷ್ಟು ಎದ್ದು, ಅದರ ಮೇಲೆ ಇನ್ನೂ 1,300 ಮೀಟರ್ ಏರುತ್ತಿತ್ತು! ಆಲೂಗಡ್ಡೆ ವಾರಕ್ಕೆ ಒಂಬತ್ತು ಟನ್. ದಸರೆಯ 750 ಕಿಲೋ ಅಂಬಾರಿ ಹನ್ನೆರಡನ್ನು ತಕ್ಕಡಿಯ ಇನ್ನೊಂದು ತಟ್ಟೆಗಿಟ್ಟರೆ ಸಮ. ಸಸ್ಯಾಹಾರಿಗಳು ಹೆದರಬೇಕಾಗಿಲ್ಲ ಎಂಬುದಕ್ಕೆ ಆ ಆಲೂಗಡ್ಡೆಯೇ ಸಾಕ್ಷಿ. ಆದರೆ ಜೈನ ಊಟ ಬೇಕಾದವರು, ಬೆಳ್ಳುಳ್ಳಿ ಈರುಳ್ಳಿ ಬಿಟ್ಟವರು ಹಡಗು ಹತ್ತಿದ ಮೇಲಲ್ಲ, ಬುಕ್ ಮಾಡುವಾಗಲೇ ತಿಳಿಸಬೇಕು. ಚಟ್ನಿಪುಡಿ ಇರಲಿ, ಕುಕ್ಕರು, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಮನೆಯಲ್ಲೇ ಉಳಿಯಲಿ, ತಪಾಸಣೆಯಲ್ಲಿ ತೆಗೆದಿಡುತ್ತಾರೆ. ಬಂದರಿನಲ್ಲಿ ಒಪ್ಪಿಸಿದ ಸೂಟ್‌ಕೇಸು ಸಾವಿರಾರು ಪೆಟ್ಟಿಗೆಗಳ ನಡುವಿನಿಂದ ನಿಮ್ಮ ಬಾಗಿಲಿಗೆ ಬರುವಾಗ ಸಂಜೆಯಾಗಬಹುದು. ಈಜುಡುಗೆ, ಮಾತ್ರೆ, ಪಾಸ್‌ಪೋರ್ಟು ಕೈಚೀಲದಲ್ಲಿರಲಿ.

ಟಿಕೆಟ್ಟಿನ ಮೇಲಿನ ದರ ಸಾಮಾನ್ಯವಾಗಿ ಒಬ್ಬರದು, ಇಬ್ಬರದಲ್ಲ. ಅದರ ಮೇಲೆ ಸೇವಾ ಭಕ್ಷೀಸು ತಲೆಗೆ ದಿನಕ್ಕೆ 18 ಡಾಲರಿನ ಆಸುಪಾಸು. ಇಬ್ಬರಿಗೆ ಏಳು ದಿನಕ್ಕೆ 252 ಡಾಲರ್! ವೈಫೈ ಬೇರೆ, ಮದ್ಯ ಬೇರೆ. ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕದೆ ಮಲಗಿದರೆ ಸಮುದ್ರದ ರೋಮಿಂಗು ಆ ಎಲ್ಲವನ್ನೂ ನಾಚಿಸುತ್ತದೆ.

ಹೊರಡುವ ದಿನದ ಸುರಕ್ಷಾ ಅಭ್ಯಾಸಕ್ಕೆ ಕಡ್ಡಾಯವಾಗಿ ಹೋಗಬೇಕು, ಕೋಣೆಯಲ್ಲಿ ಮಲಗಿ ತಪ್ಪಿಸಿಕೊಳ್ಳುವಂತಿಲ್ಲ. ಹೋಗಿ ಆ ರಕ್ಷಣಾ ದೋಣಿಗಳನ್ನಾದರೂ ನೋಡಿ ಬನ್ನಿ. ಟೈಟಾನಿಕ್ಕಿನಲ್ಲಿ ಸುಮಾರು 2,200 ಜನರಿಗೆ 20 ದೋಣಿ, 1,178 ಜಾಗ. ಸಿಂಫನಿಯ ವರ್ಗದ ಹಡಗುಗಳಲ್ಲಿ ಒಂದೊಂದು ದೋಣಿಗೇ 370 ಜನ! ನೀವು ಬೆಂಗಳೂರಿನಿಂದ ಗೋವಾಕ್ಕೆ ಹೋಗುವಂಥ 180 ಸೀಟಿನ ವಿಮಾನಗಳು ಎರಡು ಭರ್ತಿಯಾದರೂ ಇದೊಂದು ದೋಣಿ ತುಂಬುವುದಿಲ್ಲ. ನಾಲ್ಕು ದೋಣಿ ಸೇರಿದರೆ ಮುಂಬೈನ ಎಂಪ್ರೆಸ್ ಹಡಗಿನ ಪ್ರಯಾಣಿಕರಲ್ಲಿ ಮುಕ್ಕಾಲು ಪಾಲು ಜನರಿಗಿಂತ ಹೆಚ್ಚು ಮಂದಿಗೆ ಜಾಗ.

ಊರು ನೋಡಲು ಇಳಿದಾಗ ಗಡಿಯಾರದ ಮೇಲೆ ಕಣ್ಣಿರಲಿ. ಹಡಗು ಕಾಯುವುದಿಲ್ಲ, ಕಾದರೆ ಏನಾಗುತ್ತದೆಂದು ನೋಡಿ. ನೀವಿಬ್ಬರು ಸೆಲ್ಫಿ ತೆಗೆಯುತ್ತ ಹತ್ತೇ ನಿಮಿಷ ತಡ ಮಾಡಿದರೆ ಐಕಾನ್‌ನಲ್ಲಿ ಉಳಿದ 5,608 ಜನರ ಹತ್ತತ್ತು ನಿಮಿಷ, ಒಟ್ಟು 56,080 ನಿಮಿಷ ಹಾಳು. ಅಂದರೆ 39 ದಿನ! ಅದೇ ಕಾರಣಕ್ಕೆ ಹಡಗು ಹೊರಡುವ ಊರಿಗೆ ಅದೇ ದಿನದ ವಿಮಾನ ಹಿಡಿಯಬೇಡಿ, ಹಿಂದಿನ ದಿನವೇ ತಲುಪಿ. ಮಂಗಳೂರಿನವರಿಗೆ ಈ ಗಡಿಬಿಡಿ ಹೊಸತಲ್ಲ. ಮಳೆಗಾಲ ಕಳೆದ ಮೇಲೆ ನವ ಮಂಗಳೂರು ಬಂದರಿಗೆ ಬರುವ ವಿದೇಶಿ ಹಡಗುಗಳ ಪ್ರವಾಸಿಗರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳ ಎಂದು ಬಸ್ಸಿನಲ್ಲಿ ಓಡಾಡಿ, ಸಂಜೆಗೆ ಮೊದಲು ಹಡಗಿಗೆ ಓಡುತ್ತಾರೆ.

ಜಗತ್ತಿನ ಲೆಕ್ಕಕ್ಕೆ ಬನ್ನಿ. 2024ರಲ್ಲಿ ಸಮುದ್ರದ ಕ್ರೂಸ್ ಹತ್ತಿದವರು ಸುಮಾರು 3.46 ಕೋಟಿ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕವೇ 6.11 ಕೋಟಿ. ಬೀದರಿನಿಂದ ಚಾಮರಾಜನಗರದವರೆಗೆ ಎರಡು ಮನೆಗೊಂದು ಮನೆ ಬೀಗ ಹಾಕಿ ಹಡಗು ಹತ್ತಿದರೂ ಅಷ್ಟಾಗದು! ಮಯಾಮಿ ಬಂದರು ಒಂದರಲ್ಲೇ 2024ರ ಹಣಕಾಸು ವರ್ಷದಲ್ಲಿ 82 ಲಕ್ಷ ಜನ. ಭಾರತದ ಎಲ್ಲ ಬಂದರುಗಳ 2023-24ರ ಕ್ರೂಸ್ ಪ್ರಯಾಣಿಕರು ಸುಮಾರು 4.7 ಲಕ್ಷ. ನಮ್ಮ ಇಡೀ ದೇಶದ ವರ್ಷದ ವ್ಯಾಪಾರವನ್ನು ಮಯಾಮಿ ಮೂರೇ ವಾರದಲ್ಲಿ ಮುಗಿಸುತ್ತದೆ.

ಸಂಖ್ಯೆಗಳ ಈ ಹುಚ್ಚಿಗೆ ಕಿರೀಟವಿಟ್ಟದ್ದು ಐಕಾನ್ ಕಂಪನಿಯದೇ ಇನ್ನೊಂದು ಹಡಗು, 'ಸೆರೆನೇಡ್ ಆಫ್ ದಿ ಸೀಸ್'. 2023ರ ಡಿಸೆಂಬರ್ 10ರಂದು ಮಯಾಮಿಯಿಂದ ಹೊರಟು 2024ರ ಸೆಪ್ಟೆಂಬರ್ 10ಕ್ಕೆ ಮರಳಿತು. 274 ರಾತ್ರಿ, ಅರವತ್ತಕ್ಕೂ ಹೆಚ್ಚು ದೇಶ! ಸಿಂಗಪುರದ ಮೂರು ರಾತ್ರಿಯ ಮಧುಚಂದ್ರ 91 ಸಲ ಮಾಡಿದರೂ ಇನ್ನೊಂದು ರಾತ್ರಿ ಬಾಕಿ. ಇಂಥದ್ದೊಂದು ಮತ್ತೆ ಹೊರಟರೆ ನಾವೂ ಹೋಗೋಣ ಎಂದು ಯೋಚಿಸುವ ಸಿರಿವಂತ ನವದಂಪತಿಗಳು ಇನ್ನೊಂದೇ ಲೆಕ್ಕ ಹಾಕಿಬಿಡಲಿ. 274 ರಾತ್ರಿ ಎಂದರೆ 39 ವಾರ, ಸರಿಯಾಗಿ ಒಂಬತ್ತು ತಿಂಗಳು. ಗರ್ಭಿಣಿಗೆ 24ನೇ ವಾರ ಹಿಡಿದ ಮೇಲೆ ಈ ಕಂಪನಿ ಹಡಗಿನಲ್ಲಿ ಇರಗೊಡುವುದಿಲ್ಲ.