ಮಗ್ಗದ ಹಿಂಬದಿ

ರೇಷ್ಮೆಯ ಸೀರೆಯನ್ನು ಕೊಳ್ಳುವಾಗ ನಾವು ಬಣ್ಣವನ್ನು ನೋಡುತ್ತೇವೆ, ಸೆರಗನ್ನು ಬಿಡಿಸಿ ನೋಡುತ್ತೇವೆ, ಜರಿಯನ್ನು ಉಗುರಿನಿಂದ ಕೆರೆದು ನೋಡುವವರೂ ಉಂಟು. ಆದರೆ ಅದರ ಅಂಚಿನ ಉದ್ದವೂ ಒಡಲಿನ ಉದ್ದವೂ ಒಂದೇ ಆಗಿವೆಯೇ ಎಂದು ಪರೀಕ್ಷಿಸಿದವರನ್ನು ನಾವು ಕಂಡಿಲ್ಲ. ನಾವೂ ಪರೀಕ್ಷಿಸಿದವರಲ್ಲ. ಮಗಳ ಸೀಮಂತಕ್ಕೆಂದು ಪೇಟೆಯ ಅಂಗಡಿಯೊಂದರಲ್ಲಿ ಕೊಂಡು ತಂದ ಸೀರೆಯು ಎರಡನೆಯ ಸಲ ನೀರು ಕಂಡೊಡನೆಯೇ, ಅದರ ಅಂಚು ಒಳಕ್ಕೆ ಸೆಳೆದುಕೊಂಡು, ಒಡಲು ಬಿಸಿಲಿಗೆ ಹಾಕಿದ ಹಪ್ಪಳದಂತೆ ಅಲೆಯಲೆಯಾಗಿ ಉಬ್ಬಿ ನಿಂತಿತು. ಇಸ್ತ್ರಿ ಹಾಕಿಸಿದ್ದಾಯಿತು; ಹಾಸಿಗೆಯ ಕೆಳಗೆ ಮಡಿಸಿಟ್ಟದ್ದೂ ಆಯಿತು. ಉಟ್ಟರೆ ನಿರಿಗೆ ನಿಲ್ಲದು. “ಇಷ್ಟು ಹಣ ಕೊಟ್ಟು ತಂದದ್ದು ಹೀಗಾಯಿತಲ್ಲ!” ಎಂದು ನಮ್ಮ ಮನೆಯವರು ಪೇಚಾಡಿದರು. ಅಂಗಡಿಯವರಾದರೋ ಒಗೆದ ಸೀರೆಯನ್ನು ಮರಳಿ ತೆಗೆದುಕೊಳ್ಳುವುದಿಲ್ಲವೆಂದರು.

ನಮ್ಮ ಬಳಿ ಹಿಂದೆ ಓದಿದವರೊಬ್ಬರು ಕೊಳ್ಳೇಗಾಲದಲ್ಲಿ ಮನೆಯಲ್ಲಿಯೇ ಎರಡು ಮಗ್ಗಗಳನ್ನು ನಡೆಸುತ್ತಾರೆ. ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಶಾಗ್ಯದಿಂದ ಬಸ್ಸು ಹತ್ತಿ ಅವರ ಮನೆಗೆ ಹೋದೆವು. ಅವರು ಸೀರೆಯನ್ನು ಚಾಪೆಯ ಮೇಲೆ ಹರಡಿ, ಅಂಗೈಯಿಂದ ಒಮ್ಮೆ ಅಂಚನ್ನೂ ಒಮ್ಮೆ ಒಡಲನ್ನೂ ತೀಡಿ ನೋಡಿ, “ಮೇಷ್ಟ್ರೇ, ಇದರ ತಪ್ಪು ಮುಂದೆ ಇಲ್ಲ, ಹಿಂದೆ ಇದೆ” ಎಂದರು. ಸೀರೆಗೆ ಮುಂದೆ ಹಿಂದೆ ಎಂಬುದೇನೆಂದು ನಮಗೆ ತಿಳಿಯಲಿಲ್ಲ. ಅವರು ನಮ್ಮನ್ನು ಒಳಗೆ ಕರೆದೊಯ್ದು, ಮಗ್ಗದ ಮುಂದೆ ನಿಲ್ಲಿಸದೆ ಅದರ ಹಿಂಬದಿಗೆ ಕರೆದುಕೊಂಡು ಹೋದರು. ಅಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ವಾಚಕರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಬಟ್ಟೆಯೆಂದರೆ ಹಾಸು ಮತ್ತು ಹೊಕ್ಕು. ಉದ್ದಕ್ಕೆ ಬಿಗಿದು ನಿಲ್ಲಿಸಿದ ಎಳೆಗಳು ಹಾಸು. ಲಾಳಿಯೊಡನೆ ಅಡ್ಡಲಾಗಿ ಹಾಯುವ ಎಳೆ ಹೊಕ್ಕು. ಋಗ್ವೇದದ ಋಷಿಗಳು ಇವನ್ನು ತಂತು, ಓತು ಎಂದು ಕರೆದರು. ತರ್ಕಸಂಗ್ರಹವನ್ನು ಓದಿದವರಿಗೆಲ್ಲ ಬಟ್ಟೆಯ ಕಾರಣಗಳು ಮೂರು ವಿಧವೆಂಬುದು ಬಾಯಿಪಾಠವಾಗಿರುವುದು: ನೂಲು ಸಮವಾಯಿಕಾರಣ, ನೂಲುಗಳ ಸಂಯೋಗ ಅಸಮವಾಯಿಕಾರಣ, ಲಾಳಿ ಮಗ್ಗ ಮೊದಲಾದವು ನಿಮಿತ್ತಕಾರಣ. ಆ ‘ಮೊದಲಾದವು’ ಎಂಬುದರೊಳಗೆ ಹಾಸನ್ನು ಹಿಂದಿನಿಂದ ಹಿಡಿದು ನಿಲ್ಲಿಸಿರುವ ಒಂದು ಹಗ್ಗವೂ ಅಡಗಿದೆಯೆಂದು ಪಾಠಶಾಲೆಯಲ್ಲಿ ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಸೀರೆಯ ಹಾಸೆಂದರೆ ಅಲ್ಪವೇನೂ ಅಲ್ಲ. ಅಂಗುಲಕ್ಕೆ 80 ಎಳೆಗಳಂತೆ 48 ಅಂಗುಲದ ಅಗಲಕ್ಕೆ 3840 ಎಳೆಗಳಾಗುವುವು. ಮೂರು ಸೀರೆಗಳ ಹಾಸನ್ನು ಒಟ್ಟಿಗೆ ಮಗ್ಗಕ್ಕೆ ಏರಿಸಿದರೆ ಒಂದೊಂದು ಎಳೆಯೂ 60 ಅಡಿಗೆ ಮಿಕ್ಕಿರುವುದು. ಮುಂದೆ ನೇಯ್ದ ಬಟ್ಟೆಯು ದಿಂಡಿಗೆ ಸುತ್ತಿಕೊಳ್ಳುತ್ತ ಹೋದಂತೆ, ಹಿಂದಿನಿಂದ ಅಷ್ಟೇ ಹಾಸು ಬಿಡುಗಡೆಯಾಗಿ ಬರಬೇಕು. ಹೆಚ್ಚು ಬಂದರೆ ಎಳೆಗಳು ಜೋಲುವುವು; ಲಾಳಿ ಹಾಯಲು ಬಾಯಿ ಸರಿಯಾಗಿ ತೆರೆಯದು. ಕಡಿಮೆ ಬಂದರೆ ಎಳೆಗಳು ಬಿಗಿದು ತುಂಡಾಗುವುವು. ಈ ಬಿಡುಗಡೆಯನ್ನು ನಡೆಸುವುದು ಹೇಗೆಂಬುದೇ ನೇಕಾರನ ಹಳೆಯ ತೊಡಕು.

ನಮ್ಮ ಶಿಷ್ಯರ ತಂದೆಯವರ ಕಾಲದಲ್ಲಿ ಹಾಸನ್ನು ದಿಂಡಿಗೆ ಸುತ್ತುತ್ತಿರಲಿಲ್ಲವಂತೆ. ಗುಂಡಿಮಗ್ಗದ ಹಿಂದೆ ಪಡಸಾಲೆಯ ಉದ್ದಕ್ಕೂ ಹಾಸು ಚಾಚಿರುತ್ತಿತ್ತು. ಅದರ ಕೊನೆಗೆ ಕಟ್ಟಿದ ಹಗ್ಗವು ದೂರದ ಗೂಟವೊಂದನ್ನು ಬಳಸಿ ಹಿಂದಿರುಗಿ ಬಂದು, ನೇಕಾರನ ಬಲಗೈಯ ಪಕ್ಕದ ಮೊಳೆಗೆ ಸುತ್ತಿಕೊಂಡಿರುತ್ತಿತ್ತು. ನಾಲ್ಕು ಬೆರಳು ಬಟ್ಟೆ ನೇಯ್ದೊಡನೆ ಆತನು ಕುಳಿತಲ್ಲಿಯೇ ಹಗ್ಗವನ್ನು ಸ್ವಲ್ಪ ಸಡಿಲಿಸುವನು, ಬಟ್ಟೆಯ ದಿಂಡನ್ನು ಸ್ವಲ್ಪ ತಿರುಗಿಸುವನು, ಮತ್ತೆ ಕಟ್ಟುವನು. ಎಷ್ಟು ಬಿಗಿಯಿರಬೇಕೆಂಬುದನ್ನು ಆತನ ಅಂಗೈಯೇ ಹೇಳುತ್ತಿತ್ತು. ಈ ಪದ್ಧತಿಗೆ ಬೇಕಾದದ್ದು ಒಂದು ಗೂಟ, ಒಂದು ಹಗ್ಗ ಮತ್ತು ಉದ್ದವಾದ ಮನೆ.

ಈ ಮೂರನೆಯದು ಬರುಬರುತ್ತ ಇಲ್ಲವಾಯಿತು. ಅಣ್ಣತಮ್ಮಂದಿರು ಪಾಲಾದರು, ಪಡಸಾಲೆಗೆ ಅಡ್ಡಗೋಡೆ ಎದ್ದಿತು. ಹಾಸನ್ನು ಚಾಚಲು ಸ್ಥಳವಿಲ್ಲವಾದುದರಿಂದ ಮಗ್ಗದ ಹಿಂದೆಯೇ ದಿಂಡೊಂದನ್ನು ನಿಲ್ಲಿಸಿ ಅದಕ್ಕೆ ಸುತ್ತುವ ಕ್ರಮ ಬಂದಿತು. ನೇಕಾರರು ಇದನ್ನು ಬೀಮು ಎನ್ನುತ್ತಾರೆ. ಇದು ಸುಧಾರಣೆಯೆಂಬುದರಲ್ಲಿ ಸಂದೇಹವಿಲ್ಲ: ಸ್ಥಳ ಉಳಿಯಿತು, ಹಾಸು ಧೂಳಿಗೆ ಸಿಕ್ಕುವುದು ತಪ್ಪಿತು, ಬೆಕ್ಕು ಮಕ್ಕಳ ಕಾಟ ಕಡಿಮೆಯಾಯಿತು. ಆದರೆ ದಿಂಡು ತಾನಾಗಿ ಉರುಳದಂತೆ ಅದರ ತುದಿಯಲ್ಲಿ ಹಲ್ಲಿನ ಚಕ್ರವನ್ನೂ ಅದಕ್ಕೊಂದು ಕೊಕ್ಕೆಯನ್ನೂ ಇಟ್ಟರಲ್ಲ, ಆ ಕೊಕ್ಕೆ ಮಗ್ಗದ ಹಿಂದೆ ಉಳಿಯಿತು. ನೇಕಾರನು ಮುಂದೆ ಗುಂಡಿಯಲ್ಲಿ ಕಾಲಿಳಿಬಿಟ್ಟು ಕುಳಿತಿದ್ದನು. ಹಾಸು ಬೇಕಾದಾಗಲೆಲ್ಲ ಆತನು ಗುಂಡಿಯಿಂದ ಮೇಲೆದ್ದು, ಹಿಂದಕ್ಕೆ ಹೋಗಿ, ಕೊಕ್ಕೆ ಎತ್ತಿ, ಎರಡು ಹಲ್ಲು ಬಿಟ್ಟು, ಮರಳಿ ಬಂದು ಗುಂಡಿಗೆ ಇಳಿಯಬೇಕಾಯಿತು. ಮನೆಯಲ್ಲಿ ಮಗನೋ ಮಡದಿಯೋ ಇದ್ದರೆ ಕೂಗಿ ಕರೆಯಬಹುದು. ಮಗನು ಶಾಲೆಗೆ ಹೋದರೆ, ಮಡದಿಯು ಒಲೆಯ ಮುಂದಿದ್ದರೆ, ತಾನೇ ಏಳಬೇಕು.

ಇದನ್ನು ನಾವು ಲೆಕ್ಕಹಾಕಿ ನೋಡಿದೆವು. ಸೀರೆಯ ಉದ್ದ ಸುಮಾರು 20 ಅಡಿ, ಎಂದರೆ 240 ಅಂಗುಲ. ನಾಲ್ಕು ಅಂಗುಲಕ್ಕೊಮ್ಮೆ ಹಾಸು ಬಿಡಬೇಕಾದರೆ ಒಂದು ಸೀರೆಗೆ 60 ಸಲ ಏಳುವುದು, 60 ಸಲ ಇಳಿಯುವುದು. ನಮ್ಮ ಶಿಷ್ಯರು ನಕ್ಕು, “ಸೀರೆ ನೇಯೋದು ಕೈ ಅಂತ ಎಲ್ಲರೂ ಅಂದ್ಕೊಂಡಿದಾರೆ ಮೇಷ್ಟ್ರೇ, ನೇಯೋದು ಮಂಡಿ” ಎಂದರು. ಅವರಿಗೆ ಐವತ್ತು ದಾಟಿದೆ. ಏಳುವಾಗ ಮಗ್ಗದ ಕಂಬವನ್ನು ಹಿಡಿದೇ ಏಳುತ್ತಾರೆ.

ಮಂಡಿನೋವಷ್ಟೇ ಆಗಿದ್ದರೆ ನೇಕಾರನು ಅದನ್ನು ನುಂಗಿಕೊಂಡಾನು. ಹಾಸು ಬಿಟ್ಟ ಪ್ರತಿಯೊಂದು ಸಲವೂ ಬಿಗಿ ಸ್ವಲ್ಪ ಬದಲಾಗುವುದು. ಬದಲಾದಲ್ಲಿ ಹೊಕ್ಕಿನ ಎಳೆಗಳು ಒತ್ತಾಗಿಯೋ ವಿರಳವಾಗಿಯೋ ಕೂತು, ಬಟ್ಟೆಗೆ ಅಡ್ಡಲಾಗಿ ಒಂದು ಗೆರೆ ಮೂಡುವುದು. ಬೆಳಕಿಗೆ ಹಿಡಿದರೆ ಅದು ಕಂಡೇ ಕಾಣುವುದು. ಎಂದರೆ, ಒಂದು ಸೀರೆಯಲ್ಲಿ ತಪ್ಪಾಗಲು 60 ಎಡೆಗಳು. ಕೂಲಿಯು ದಿನಕ್ಕಲ್ಲ, ಸೀರೆಗೆ. ಗೆರೆ ಕಂಡರೆ ಕೂಲಿಯಲ್ಲಿ ಮುರಿದುಕೊಳ್ಳುವ ವ್ಯಾಪಾರಿಗಳೂ ಇರುವರು.

ಮಗ್ಗವನ್ನು ಸುಧಾರಿಸಬೇಕೆಂದು ಹೊರಟ ದೊಡ್ಡವರೆಲ್ಲ ಬಹುಮಟ್ಟಿಗೆ ಮುಂಬದಿಯನ್ನೇ ನೋಡಿದರು. 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಎಂಬಾತನು ಹಗ್ಗವೆಳೆದರೆ ತಾನೇ ಓಡುವ ಲಾಳಿಯನ್ನು ಕಂಡುಹಿಡಿದನು. ನಮ್ಮ ಕೊಳ್ಳೇಗಾಲವು 1799ರಲ್ಲಿ ಟಿಪ್ಪುವಿನ ಪತನದ ತರುವಾಯ ಕಂಪನಿಯ ಮದರಾಸು ಆಡಳಿತಕ್ಕೆ ಸೇರಿ, 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿಯೇ ಇದ್ದಿತು. ಆ ಮದರಾಸು ಸರ್ಕಾರದ ಆಲ್ಫ್ರೆಡ್ ಚಾಟರ್ಟನ್ ಎಂಬ ಅಧಿಕಾರಿಯು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಸೇಲಂನಲ್ಲಿ ಕೈಮಗ್ಗದ ಕಾರ್ಖಾನೆಯೊಂದನ್ನು ತೆರೆದು ಈ ಓಡುವ ಲಾಳಿಯ ಪ್ರಯೋಗ ನಡೆಸಿದನು. ಆತನೇ 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಗೆ ಬಂದನು. ಲಾಳಿ ಬೇಗ ಓಡಿದರೆ ಬಟ್ಟೆ ಬೇಗ ಬೆಳೆಯುವುದು ನಿಜ. ಬಟ್ಟೆ ಬೇಗ ಬೆಳೆದರೆ ಹಾಸೂ ಬೇಗ ಬೇಕಾಗುವುದು, ನೇಕಾರನು ಏಳುವುದೂ ಬೇಗಬೇಗ ಆಗುವುದು. ಮುಂದೆ ಉಳಿಸಿದ ಹೊತ್ತನ್ನು ಹಿಂದೆ ಕಳೆದಂತಾಯಿತು.

ಯಂತ್ರದ ಮಗ್ಗಗಳಲ್ಲಿ ಈ ತೊಡಕನ್ನು ಬೇರೆ ಬೇರೆ ಬಗೆಯಾಗಿ ಬಿಡಿಸಿದ್ದಾರೆ. ಈಚಿನವುಗಳಲ್ಲಿ ಹಾಸಿನ ಬಿಗಿಯನ್ನು ಅಳೆಯುವ ಸಾಧನವೊಂದು ಹಿಂಬದಿಯ ದಂಡದಲ್ಲಿ ಕುಳಿತಿದ್ದು, ಅದು ಹೇಳಿದಷ್ಟು ಮಾತ್ರ ವಿದ್ಯುತ್ತಿನ ಮೋಟಾರು ದಿಂಡನ್ನು ತಿರುಗಿಸುವುದು. ಗುಂಡಿಮಗ್ಗಕ್ಕೆ ಅದನ್ನು ಕಟ್ಟಲು ಹೋಗುವುದು ಎತ್ತಿನ ಗಾಡಿಗೆ ರೈಲಿನ ಗಾಲಿ ಹಾಕಿದಂತೆ.

ನಮ್ಮ ಶಿಷ್ಯರು ಮಾಡಿರುವ ಏರ್ಪಾಡು ಬಹಳ ಸರಳವಾದದ್ದು. ಹೊಸದೆಂದೂ ಅವರು ಹೇಳಿಕೊಳ್ಳುವುದಿಲ್ಲ; ಹಳೆಯ ಯಂತ್ರಮಗ್ಗಗಳಲ್ಲಿದ್ದ ಉಪಾಯವೇ ಇದು. ಹಲ್ಲಿನ ಚಕ್ರವನ್ನೂ ಕೊಕ್ಕೆಯನ್ನೂ ತೆಗೆದುಹಾಕಿ, ಹಾಸಿನ ದಿಂಡಿನ ಎರಡು ತುದಿಗಳಿಗೂ ಹತ್ತಿಯ ಹಗ್ಗವನ್ನು ಎರಡೆರಡು ಸುತ್ತು ಸುತ್ತಿದ್ದಾರೆ. ಹಗ್ಗದ ಒಂದು ಕೊನೆಗೆ ಸಣ್ಣ ಕಲ್ಲು. ಇನ್ನೊಂದು ಕೊನೆಯನ್ನು ಮರದ ಸನ್ನೆಗೋಲಿಗೆ ಕಟ್ಟಿ, ಆ ಕೋಲಿನ ಮೇಲೆ ಗುಂಡುಕಲ್ಲನ್ನು ತೂಗಬಿಟ್ಟಿದ್ದಾರೆ. ಕರುವಿನ ಹಗ್ಗವನ್ನು ಕಂಬಕ್ಕೆ ಮೂರು ಸುತ್ತು ಸುತ್ತಿದರೆ ಮಗುವೂ ಅದನ್ನು ಹಿಡಿದು ನಿಲ್ಲಿಸಬಲ್ಲುದೆಂಬುದು ದನ ಸಾಕಿದವರಿಗೆ ಗೊತ್ತು. ಇಲ್ಲಿಯೂ ಹಾಗೆಯೇ, ಸುತ್ತಿನ ತಿಕ್ಕಾಟವು ದಿಂಡನ್ನು ಹಿಡಿದಿರುವುದು. ನೇಕಾರನು ಕುಳಿತಲ್ಲಿಂದ ಬಟ್ಟೆಯ ದಿಂಡನ್ನು ತಿರುಗಿಸಿದಾಗ ಹಾಸಿನ ಸೆಳೆತವು ಆ ಹಿಡಿತವನ್ನು ಮೀರಿ, ದಿಂಡು ಬೇಕಾದಷ್ಟೇ ಜಾರಿ, ಮತ್ತೆ ನಿಲ್ಲುವುದು. ಏಳಬೇಕಾದದ್ದಿಲ್ಲ. ತಂದೆಯವರು ಕುಳಿತಲ್ಲಿಯೇ ಮಾಡುತ್ತಿದ್ದುದನ್ನು ಮಗನು ಮತ್ತೆ ಕುಳಿತಲ್ಲಿಯೇ ಮಾಡುವಂತಾಯಿತು.

ಆದರೂ ಇದರಲ್ಲೊಂದು ಸೂಕ್ಷ್ಮವುಂಟು. ಹಾಸು ಖರ್ಚಾದಂತೆ ದಿಂಡು ಸಣ್ಣದಾಗುವುದು. ಹಗ್ಗದ ಹಿಡಿತ ಮಾತ್ರ ಅಷ್ಟೇ ಇರುವುದು. ದಪ್ಪವಾದ ರಾಟೆಯನ್ನು ತಿರುಗಿಸುವುದಕ್ಕಿಂತ ಸಣ್ಣದನ್ನು ತಿರುಗಿಸಲು ಹೆಚ್ಚು ಬಲ ಬೇಕಲ್ಲವೆ? ಸುತ್ತಿದ ಹಾಸೂ ಸೇರಿ ದಿಂಡಿನ ನಡುವಿನಿಂದ ಹೊರಮೈಗೆ 4 ಅಂಗುಲವಿದ್ದದ್ದು ಕಡೆಗೆ 2 ಅಂಗುಲಕ್ಕೆ ಇಳಿದರೆ, ಎಳೆಯ ಮೇಲಿನ ಬಿಗಿ ಎರಡರಷ್ಟಾಗುವುದು. ಆದ್ದರಿಂದಲೇ ಸನ್ನೆಗೋಲಿನ ಮೇಲೆ ಕಚ್ಚುಗಳನ್ನು ಕೊರೆದಿದ್ದಾರೆ: ದಿಂಡು ಇಳಿದಂತೆಲ್ಲ ಗುಂಡುಕಲ್ಲನ್ನು ಒಂದೊಂದು ಕಚ್ಚು ಒಳಕ್ಕೆ ಸರಿಸಬೇಕು. ರೇಷ್ಮೆಯ ಮೂರು ಸೀರೆಗಳ ಹಾಸು ತೆಳುವಾದುದರಿಂದ ಅದರಲ್ಲಿ ವ್ಯತ್ಯಾಸ ಅಷ್ಟು ದೊಡ್ಡದಲ್ಲ. ಉದ್ದವಾದ ಹತ್ತಿಯ ಹಾಸನ್ನು ಹೂಡುವವರು ಇದನ್ನು ಮರೆಯಲಾಗದು. ಮಳೆಗಾಲದಲ್ಲಿ ಹಗ್ಗವು ತೇವ ಹೀರಿ ಕಚ್ಚಿಕೊಂಡು, ದಿಂಡು ಜಾರುವ ಬದಲು ಜಗ್ಗಿ ಜಗ್ಗಿ ತಿರುಗುವುದೂ ಉಂಟು. ಅದಕ್ಕೆ ಅವರು ಹಚ್ಚುವ ಔಷಧ ಬಳಪದ ಕಲ್ಲಿನ ಪುಡಿ. ಜೀವಮಾನವೆಲ್ಲ ಬಳಪ ಹಿಡಿದ ನಮಗೆ ಅದರ ಈ ಉಪಯೋಗ ಅಂದೇ ತಿಳಿದದ್ದು.

ಇನ್ನು ನಮ್ಮ ಮನೆಯವರ ಸೀರೆಯ ಮಾತು. ರೇಷ್ಮೆಯ ಎಳೆಯನ್ನು ಸ್ವಲ್ಪ ಎಳೆದು ಬಿಟ್ಟರೆ ಅದು ಮೊದಲಿನ ಉದ್ದಕ್ಕೆ ಮರಳುವುದು. ಮಿತಿಮೀರಿ ಎಳೆದರೆ ಹಾಗೆಯೇ ಹಿಗ್ಗಿ ನಿಲ್ಲುವುದು, ಮುಂದೆ ನೀರು ಸೋಕಿದಾಗ ಕುಗ್ಗುವುದು. ಅಂಚಿನ ನೇಯ್ಗೆಯೂ ಒಡಲಿನ ನೇಯ್ಗೆಯೂ ಒಂದೇ ಅಲ್ಲ. ಪ್ರತಿಯೊಂದು ಹೊಕ್ಕಿಗೂ ಮೇಲೆ ಕೆಳಗೆ ಬಾಗುವ ಎಳೆ ಹೆಚ್ಚು ಉದ್ದವನ್ನು ತಿನ್ನುವುದು. ಚಿತ್ತಾರಕ್ಕಾಗಿ ನಾಲ್ಕಾರು ಹೊಕ್ಕುಗಳ ಮೇಲೆ ತೇಲಿಕೊಂಡು ಹೋಗುವ ಎಳೆ ಕಡಿಮೆ ತಿನ್ನುವುದು. ಉಣ್ಣುವ ಪ್ರಮಾಣ ಬೇರೆಯಾದ ಇಬ್ಬರಿಗೆ ಒಂದೇ ಅಳತೆಯಲ್ಲಿ ಬಡಿಸಿದರೆ ಒಬ್ಬನಿಗೆ ಮಿಗುವುದು, ಇನ್ನೊಬ್ಬನಿಗೆ ಸಾಲದಾಗುವುದು. ಎಲ್ಲ ಎಳೆಗಳನ್ನೂ ಒಂದೇ ದಿಂಡಿಗೆ ಸುತ್ತಿ ನೇಯ್ದ ಸೀರೆಯಲ್ಲಿ ಆಗುವುದು ಇದೇ: ಅಂಚಿನ ಎಳೆಗಳು ಬಿಗಿದುಕೊಂಡೇ ನೇಯಲ್ಪಟ್ಟವು, ಮಗ್ಗದಿಂದ ಇಳಿದು ನೀರು ಕಂಡ ಮೇಲೆ ಸೆಳೆದುಕೊಂಡವು. ನಮ್ಮ ಶಿಷ್ಯರ ಮಗ್ಗದಲ್ಲಿ ಅಂಚಿನ ಎಳೆಗಳಿಗೆ ಬೇರೆಯೇ ಸಣ್ಣ ಉರುಳೆ. ಅದರ ಹಗ್ಗಕ್ಕೆ ಕಲ್ಲಿಗೆ ಬದಲಾಗಿ ಮರಳಿನ ಚೀಲ. ಬಿಗಿ ಹೆಚ್ಚೆನಿಸಿದರೆ ಒಂದು ಹಿಡಿ ಮರಳು ತೆಗೆಯುವುದು, ಕಡಿಮೆಯೆನಿಸಿದರೆ ಒಂದು ಹಿಡಿ ಹಾಕುವುದು.

ಇಷ್ಟಕ್ಕೂ ತಗಲುವ ಖರ್ಚೇನು? ಹಗ್ಗ, ಎರಡು ಕೋಲು, ಕಲ್ಲು, ಮರಳು; ಬಡಗಿಗೆ ಅರ್ಧ ದಿನದ ಕೂಲಿ. ಭಾರತ ಸರ್ಕಾರವು 2016ರಲ್ಲಿ ‘ಹಾಥ್‌ಕರ್ಘಾ ಸಂವರ್ಧನ್ ಸಹಾಯತಾ’ ಎಂಬ ಯೋಜನೆಯನ್ನು ಆರಂಭಿಸಿ, ಮಗ್ಗ ಮತ್ತು ಅದರ ಉಪಕರಣಗಳ ಬೆಲೆಯಲ್ಲಿ ನೂರಕ್ಕೆ 90 ಪಾಲನ್ನು ತಾನೇ ವಹಿಸುವುದೆಂದು ಗೊತ್ತುಮಾಡಿತು. ಒಳ್ಳೆಯದೇ. ಆದರೆ ಯಾವ ಉಪಕರಣ ಬೇಕೆಂಬುದನ್ನು ನಿಶ್ಚಯಿಸುವವರು ಒಂದು ಸೀರೆಯ ಕಾಲ ಗುಂಡಿಯಲ್ಲಿ ಕುಳಿತು, ಅರವತ್ತು ಸಲ ಎದ್ದು ನೋಡಿದರೆ ಇನ್ನೂ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಪಕ್ಕದ ಮನೆಯ ನೇಕಾರರಿಗೂ ಇದನ್ನು ಮಾಡಿಕೊಡಬಾರದೇಕೆಂದು ಕೇಳಿದೆವು. ಒಬ್ಬರಿಗೆ ಮಾಡಿಕೊಟ್ಟಿದ್ದಾರಂತೆ. ಇನ್ನೊಬ್ಬರು, ಕೊಕ್ಕೆಯಾದರೆ ಎಷ್ಟು ಹಲ್ಲು ಬಿಟ್ಟೆವೆಂಬ ಲೆಕ್ಕವಾದರೂ ಇರುವುದು, ಕಲ್ಲಿನ ಮೇಲೆ ನಂಬಿಕೆಯಿಡಲಾರೆ ಎಂದರಂತೆ. ಅವರ ಮಾತನ್ನೂ ತೆಗೆದುಹಾಕುವಂತಿಲ್ಲ. ಅಂಥವರಿಗೆ ಕೊಕ್ಕೆಗೇ ಒಂದು ದಾರ ಕಟ್ಟಿ, ಅದನ್ನು ಮಾಡಿನ ತೊಲೆಯ ಮೇಲಿಂದ ಹಾಯಿಸಿ, ಕುಳಿತಲ್ಲಿಗೆ ತಂದುಕೊಟ್ಟರೂ ಮಂಡಿಗಳು ಉಳಿಯುವುವು.

ಕೆಟ್ಟ ಸೀರೆಯನ್ನು ಸರಿಪಡಿಸಲು ಬರುವುದೇ ಎಂದು ಕೇಳಿದ್ದಕ್ಕೆ ಅವರು ತಲೆಯಾಡಿಸಿದರು. ನೇಯ್ದ ಮೇಲೆ ಹಾಸಿನ ಬಿಗಿಯನ್ನು ಬದಲಿಸಲಾಗದು. ಮನೆಗೆ ಬಂದು ಹೇಳಿದೆವು. ನಮ್ಮ ಮನೆಯವರು ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಕತ್ತರಿ ತೆಗೆದುಕೊಂಡು ಅಂಚನ್ನು ಒಡಲಿನಿಂದ ಬೇರ್ಪಡಿಸಿದರು. ಒಡಲು ತಟ್ಟನೆ ಚಪ್ಪಟೆಯಾಗಿ ನೆಲಕ್ಕೆ ಒರಗಿತು. ಅದೀಗ ಮೊಮ್ಮಗಳ ಲಂಗವಾಗಿದೆ. ಈಚೆಗೆ ಸೀರೆಯಂಗಡಿಗೆ ಹೋದಾಗ ಅವರು ಸೀರೆಯನ್ನು ಜಮಖಾನದ ಮೇಲೆ ಉದ್ದಕ್ಕೆ ಬಿಡಿಸಿ, ಅಂಚಿನ ಮೇಲೆ ಒಂದು ಸಲ, ಒಡಲಿನ ನಡುವೆ ಒಂದು ಸಲ ಮೊಳ ಹಾಕಿ ಅಳೆದು, ಆಮೇಲೆಯೇ ಬೆಲೆ ಕೇಳಿದರು.