ತಂತ್ರಾಂಶ ಬರೆಯುವವರನ್ನು ಹುಡುಕುವ ಬಗೆ

ಹೊಸ ಉದ್ಯಮವೊಂದನ್ನು ಕಟ್ಟಹೊರಟವನಿಗೆ ಬಂಡವಾಳವೇ ಮೊದಲ ಚಿಂತೆಯೆಂದು ನಾವು ಭಾವಿಸುತ್ತೇವೆ. ಕಂಪ್ಯೂಟರನ್ನು ನೆಚ್ಚಿ ನಡೆಯುವ ಇಂದಿನ ನವೋದ್ಯಮಗಳಲ್ಲಿ ಅಷ್ಟೇ ಕಠಿಣವಾದ ಇನ್ನೊಂದು ಚಿಂತೆಯುಂಟು. ಮನಸ್ಸಿನಲ್ಲಿರುವ ಕಲ್ಪನೆಯನ್ನು ಯಂತ್ರಕ್ಕೆ ತಿಳಿಯುವ ಭಾಷೆಯಲ್ಲಿ ಬರೆದುಕೊಡುವವರು ಯಾರು? ಅವರನ್ನು ಎಲ್ಲಿ ಹುಡುಕಬೇಕು? ಸಿಕ್ಕ ಮೇಲೆ ಅವರೊಡನೆ ಹೇಗೆ ನಡೆದುಕೊಳ್ಳಬೇಕು? ಈ ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಸಾಹಿತ್ಯಪ್ರಿಯರಿಗೆ ಇದು ಹೊರಗಿನ ವಿಷಯವೆಂದು ತೋರಬಹುದು. ನಮ್ಮ ಕಾನೂನು ಹಾಗೆ ಎಣಿಸಿಲ್ಲ. ೧೯೫೭ರ ಕೃತಿಸ್ವಾಮ್ಯ ಕಾಯ್ದೆಗೆ ೧೯೮೪ರಲ್ಲಿ ಆದ ತಿದ್ದುಪಡಿಯು ಕಂಪ್ಯೂಟರ್ ಪ್ರೋಗ್ರಾಮನ್ನು ‘ಸಾಹಿತ್ಯ ಕೃತಿ’ಗಳ ಸಾಲಿಗೆ ಸೇರಿಸಿತು. ಕಾವ್ಯ ಕಾದಂಬರಿಗಳು ಕುಳಿತ ಪಂಕ್ತಿಯಲ್ಲೇ ತಂತ್ರಾಂಶಕ್ಕೂ ಎಲೆ ಹಾಕಿದಂತಾಯಿತು. ಪ್ರೋಗ್ರಾಮ್ ಬರೆಯುವವನು ಒಬ್ಬ ಕರ್ತೃ ಎಂಬ ಅರಿವು ಮೂಡಿದರೆ, ಉಳಿದ ವಿವೇಕವೆಲ್ಲ ಅದರ ಬೆನ್ನಿಗೇ ಬರುತ್ತದೆ.

ಕರ್ತೃವನ್ನು ಅಳೆಯಬೇಕಾದದ್ದು ಅವನು ಬರೆದುದರಿಂದ. ನಮ್ಮ ಸೀಮೆಯ ಶಿಡ್ಲಘಟ್ಟದಲ್ಲಿ ೧೯೪೬ರಲ್ಲಿ ಹುಟ್ಟಿದ ಎನ್. ಆರ್. ನಾರಾಯಣ ಮೂರ್ತಿಯವರು ೧೯೮೧ರಲ್ಲಿ ಪುಣೆಯಲ್ಲಿ ಇನ್ಫೋಸಿಸ್ ಆರಂಭಿಸಿದಾಗ ಅವರೊಡನೆ ಆರು ಮಂದಿ ಇದ್ದರು: ನಂದನ್ ನಿಲೇಕಣಿ, ಎನ್. ಎಸ್. ರಾಘವನ್, ಗೋಪಾಲಕೃಷ್ಣನ್, ಶಿಬುಲಾಲ್, ಕೆ. ದಿನೇಶ್, ಅಶೋಕ್ ಅರೋರಾ. ಇವರು ಜಾಹೀರಾತು ನೋಡಿ ಬಂದವರಲ್ಲ; ಪಟ್ನಿ ಕಂಪ್ಯೂಟರ್ ಸಿಸ್ಟಮ್ಸ್‌ನಲ್ಲಿ ಒಡನೆ ದುಡಿದವರು. ಒಬ್ಬರ ಕೆಲಸದ ಗುಣ ಇನ್ನೊಬ್ಬರಿಗೆ ಮೊದಲೇ ತಿಳಿದಿತ್ತು. ಮೂಲಧನವೆಂದರೆ ಸುಧಾ ಮೂರ್ತಿಯವರು ಉಳಿಸಿಟ್ಟಿದ್ದ ೧೦,೦೦೦ ರೂಪಾಯಿ. ಹಣ ಇಷ್ಟೇ ಇದ್ದಾಗ ಒಡನಾಡಿಗಳಿಗೆ ಕೊಡಬಹುದಾದದ್ದು ಒಡೆತನದ ಪಾಲು. ಮುಂದೆ ೧೯೯೪ರಲ್ಲಿ ಆ ಸಂಸ್ಥೆ ನೌಕರರಿಗೂ ಷೇರು ನೀಡುವ ಯೋಜನೆಯನ್ನು ತಂದಿತು. ಹೊಸ ಉದ್ಯಮದ ಕಷ್ಟದಲ್ಲಿ ಜೊತೆ ನಿಲ್ಲುವವನಿಗೆ ಅದರ ಫಲದಲ್ಲೂ ಭಾಗವಿರಬೇಕೆಂಬುದು ನ್ಯಾಯವಾದ ಮಾತು.

ಎಲ್ಲರಿಗೂ ಇಂಥ ಹಳೆಯ ಒಡನಾಡಿಗಳು ಇರುವುದಿಲ್ಲ. ಅವರು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೋಡಿ ಬರಬಹುದು. ನೂಲು ತೆಗೆಯುವ ರೀಲರ್ ಹರಾಜಿಗೆ ಮುನ್ನ ರಾಶಿಯಿಂದ ಒಂದು ಹಿಡಿ ಗೂಡನ್ನು ಎತ್ತಿ, ಬೆರಳಿನಿಂದ ಒತ್ತಿ, ಕಿವಿಯ ಬಳಿ ಅಲುಗಿಸಿ ನೋಡುತ್ತಾನೆ; ಬೆಲೆ ಕಟ್ಟುವುದು ಆಮೇಲೆ. ತಂತ್ರಾಂಶದಲ್ಲಿಯೂ ಹೀಗೆಯೇ. ಇಡೀ ಕೆಲಸವನ್ನು ಒಪ್ಪಿಸುವ ಮುಂಚೆ, ಒಂದೆರಡು ವಾರದಲ್ಲಿ ಮುಗಿಯುವ ಸಣ್ಣ ಭಾಗವೊಂದನ್ನು ತಕ್ಕ ಸಂಭಾವನೆ ಕೊಟ್ಟು ಮಾಡಿಸಿ ನೋಡಬೇಕು. ಹೇಳಿದ್ದನ್ನು ಗ್ರಹಿಸಿದನೇ, ತಿಳಿಯದ್ದನ್ನು ಕೇಳಿದನೇ, ತಡವಾಗುವುದನ್ನು ಮುಂಚಿತವಾಗಿ ತಿಳಿಸಿದನೇ ಎಂಬುದೆಲ್ಲ ಅಷ್ಟರಲ್ಲೇ ಗೊತ್ತಾಗುತ್ತದೆ.

ಇದು ಬರಿಯ ಬುದ್ಧಿವಾದವಲ್ಲ. ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಲ್ಲಿ ನನ್ನ ಬಂಧುವೊಬ್ಬರ ಮಗ, ಟೊಮೇಟೊ ಬೆಳೆಗಾರರು ಕೂಡಿ ಒಂದೇ ಲಾರಿ ಗೊತ್ತುಮಾಡಿಕೊಳ್ಳಲು ನೆರವಾಗುವ ಮೊಬೈಲ್ ಆ್ಯಪ್ ಮಾಡಿಸಹೊರಟ. ತಂದೆ ಹಸು ಮಾರಿ ಕೊಟ್ಟ ಹಣವನ್ನು ಮುಂಗಡವಾಗಿ ತೆತ್ತ. ಆ್ಯಪ್ ಬಂತು. ಆದರೆ ನಮ್ಮ ರೈತರ ಲೆಕ್ಕವೆಲ್ಲ ಬಾಕ್ಸುಗಳಲ್ಲಿ, ಅದರೊಳಗಿದ್ದುದು ಕ್ವಿಂಟಾಲ್. ಬರೆದವರು ಟೊಮೇಟೊ ಮಂಡಿಯನ್ನು ಕಂಡವರಲ್ಲ, ಇವನೂ ಕರೆದು ತೋರಿಸಲಿಲ್ಲ. ಬೇರೆಯವರಿಂದ ತಿದ್ದಿಸೋಣವೆಂದರೆ ಸೋರ್ಸ್ ಕೋಡ್ ಎಂಬ ಮೂಲ ಬರಹ ಇವನ ಕೈಯಲ್ಲಿ ಇರಲಿಲ್ಲ. ಹಣ ಕೊಟ್ಟ ಮೇಲೆ ಎಲ್ಲವೂ ತನ್ನದೇ ಎಂದು ತಿಳಿದಿದ್ದ.

ಕಾನೂನಿನ ಮಾತು ಬೇರೆ. ಸಂಬಳದ ನೌಕರ ತನ್ನ ಕೆಲಸದ ಭಾಗವಾಗಿ ಬರೆದುದಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ಯಜಮಾನನೇ ಮೊದಲ ಹಕ್ಕುದಾರ. ಹೊರಗಿನವನಿಂದ ಬರೆಸಿದಾಗ ಹಕ್ಕು ಸಾಮಾನ್ಯವಾಗಿ ಬರೆದವನದೇ. ಅದನ್ನು ಪಡೆಯಬೇಕಾದರೆ ಬರಹದಲ್ಲಿ, ರುಜುವಿನೊಡನೆ ವರ್ಗಾಯಿಸಿಕೊಳ್ಳಬೇಕು. ಆ ಪತ್ರದಲ್ಲಿ ಅವಧಿಯನ್ನು ಕಾಣಿಸದಿದ್ದರೆ ವರ್ಗಾವಣೆ ೫ ವರ್ಷಕ್ಕೆ ಮಾತ್ರ. ಪ್ರದೇಶವನ್ನು ಕಾಣಿಸದಿದ್ದರೆ ಭಾರತಕ್ಕೆ ಮಾತ್ರ. ಎರಡು ಸಾಲು ಬರೆಯದೆ ಬಿಟ್ಟದ್ದರಿಂದ ಎಷ್ಟೋ ಉದ್ಯಮ ಕೈತಪ್ಪೀತು.

ಪುಸ್ತಕ ಅಚ್ಚು ಹಾಕಿಸಿದವರಿಗೆ ಕರಡು ತಿದ್ದುವ ಕಷ್ಟ ಗೊತ್ತು. ಒಂದೊಂದು ಫಾರಮನ್ನೂ ಆಗಿಂದಾಗ ನೋಡಿದವನ ಪುಸ್ತಕ ಚೆನ್ನಾಗಿ ಬರುತ್ತದೆ; ಕೊನೆಯಲ್ಲಿ ಒಮ್ಮೆಗೇ ನೋಡಿದವನಿಗೆ ಉಳಿಯುವುದು ತಪ್ಪೋಲೆ. ಉದ್ಯಮಿಯೂ ವಾರಕ್ಕೊಮ್ಮೆಯಾದರೂ ಕೆಲಸವನ್ನು ನಡೆಯಿಸಿ ನೋಡಬೇಕು, ಬಳಸುವವರಿಗೂ ತೋರಿಸಬೇಕು. ಬೇಕಾದುದು ಇಂಥದ್ದು ಎಂದು ನುಡಿದು ತಿಳಿಸುವ ಹೊಣೆ ಅವನದೇ. ಬಾಕ್ಸು ಎಂದರೇನೆಂದು ಆ ಹುಡುಗ ಮೊದಲ ವಾರವೇ ಹೇಳಿದ್ದರೆ ಹಸು ಕೊಟ್ಟಿಗೆಗೆ ಹಿಂದಿರುಗುತ್ತಿರಲಿಲ್ಲ ನಿಜ, ಲಾರಿಯಾದರೂ ಹೊರಡುತ್ತಿತ್ತು.